ವಿಚ್‌ಕ್ರಾಫ್ಟ್‌ಗೆ ಹೊಸಬರೇ? ಮಂಗಳೂರು, ಉಡುಪಿಯಲ್ಲಿದ್ದು ದಾರಿ ಆರಿಸಿಕೊಳ್ಳುವ ಬಗೆ

ವಿಕ್ಕಾ, ಗ್ರೀನ್ ವಿಚ್, ಕಿಚನ್ ವಿಚ್, ಹೆಡ್ಜ್ ವಿಚ್, ಕೇಯಾಸ್ ಮ್ಯಾಜಿಕ್. ಇವೆಲ್ಲ ವಿಚ್‌ಕ್ರಾಫ್ಟ್‌ನ, ಅಂದರೆ ವಿಧಿ, ಧ್ಯಾನ, ಗಿಡಮೂಲಿಕೆಗಳನ್ನು ಬಳಸುವ ಪಾಶ್ಚಾತ್ಯ ಮಾಂತ್ರಿಕ ಆಚರಣೆಯ, ಬೇರೆಬೇರೆ ದಾರಿಗಳು. ಮೊಬೈಲ್‌ನಲ್ಲಿ ಹುಡುಕಿದ ಮೊದಲ ದಿನವೇ ಹತ್ತಾರು ಹೆಸರು ಎದುರಾಗುತ್ತವೆ. ಹೆಚ್ಚಿನವರು ಎಡವುವುದು ಇಲ್ಲೇ. ಕೇಳಲು ಚೆಂದ ಅನಿಸಿದ ಹೆಸರನ್ನು ಹಿಡಿದು, ಅದಕ್ಕೆ ಬೇಕೆಂದು ಸಾಮಾನು ತರಿಸಿ, ಎರಡು ವಾರ ಕಳೆದ ಮೇಲೆ ನೋಡಿದರೆ ಆ ದಾರಿಯ ದಿನನಿತ್ಯದ ಕೆಲಸವೇ ತಮಗೆ ಹಿಡಿಸುವುದಿಲ್ಲ. ಆದ್ದರಿಂದ ಇನ್ನೊಂದು ತುದಿಯಿಂದ ಶುರು ಮಾಡಿ. ಜುಲೈ ತಿಂಗಳ ಮಳೆಯಲ್ಲೂ, ಮನೆಯಲ್ಲಿ ಎಲ್ಲರೂ ಇರುವಾಗಲೂ, ವಾರಕ್ಕೆ ಎರಡು ಸಲ ಬೇಸರವಿಲ್ಲದೆ ಯಾವ ಕೆಲಸ ಮಾಡಬಲ್ಲಿರಿ ಎಂಬುದನ್ನು ಮೊದಲು ಕಂಡುಕೊಳ್ಳಿ. ಆ ಕೆಲಸಕ್ಕೆ ಯಾವ ಹೆಸರು ಎಂಬುದನ್ನು ಆಮೇಲೆ ನೋಡಿದರೆ ಸಾಕು. ಅದಕ್ಕೆ ಮೂರು ತಿಂಗಳು ಬೇಕು, 500 ರೂಪಾಯಿಗಿಂತ ಹೆಚ್ಚು ಖರ್ಚು ಬೇಡ.

ಇಲ್ಲಿ ಹೇಳುತ್ತಿರುವುದು ಬ್ರಿಟನ್, ಅಮೆರಿಕಗಳಲ್ಲಿ ಹೆಚ್ಚಾಗಿ 20ನೇ ಶತಮಾನದಲ್ಲಿ ರೂಪುಗೊಂಡ ಆಚರಣೆಗಳ ಬಗ್ಗೆ. ತನಗೆ ಮಾಂತ್ರಿಕ ಶಕ್ತಿ ಇದೆ ಎಂದು ಹೇಳಿಕೊಳ್ಳುವುದನ್ನು ಅಪರಾಧವೆನ್ನುತ್ತಿದ್ದ 1735ರ ವಿಚ್‌ಕ್ರಾಫ್ಟ್ ಕಾಯ್ದೆ ಇಂಗ್ಲೆಂಡಿನಲ್ಲಿ 1951ರಲ್ಲಿ ರದ್ದಾಯಿತು. ಜೆರಾಲ್ಡ್ ಗಾರ್ಡ್ನರ್ 1954ರಲ್ಲಿ ಪುಸ್ತಕ ತಂದು ಈ ಆಚರಣೆಯ ಬಗ್ಗೆ ಬಹಿರಂಗವಾಗಿ ಮಾತಾಡಿದರು. ಮುಂದೆ ವಿಕ್ಕಾ ಎಂದು ಹೆಸರಾದದ್ದು ಅದೇ. ಹಳೆಯ ಜನಪದ ನಂಬಿಕೆ, ಮಾಂತ್ರಿಕ ಗ್ರಂಥಗಳು, ಕವಿತೆ ಎಲ್ಲದರಿಂದಲೂ ಅದಕ್ಕೆ ಎಳೆಗಳು ಬಂದಿವೆ. ಕಲ್ಲಿನ ಯುಗದಿಂದ ಕಡಿಯದೆ ಬಂದ ಧರ್ಮ ಎಂಬ ಮಾತನ್ನು ಇಂದಿನ ಇತಿಹಾಸಕಾರರು ಒಪ್ಪುವುದಿಲ್ಲ. ಹಾಗೆಂದು ಹೇಳಿ ಕೋರ್ಸ್ ಮಾರುವವರು ಸಿಕ್ಕರೆ ದೂರವಿರಿ.

ಮೊದಲು ನಿಮ್ಮ ಮನೆಯನ್ನು ನೋಡಿ

ಒಂದು ಹಾಳೆಯಲ್ಲಿ ನಾಲ್ಕು ಉತ್ತರ ಬರೆಯಿರಿ. ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಒಬ್ಬರೇ ಇರಬಹುದಾದ ಕೋಣೆ ಉಂಟೇ? ದೀಪ, ಧೂಪ ಹಚ್ಚಲು ಅವಕಾಶ ಉಂಟೇ? ಅಡುಗೆಮನೆಯಲ್ಲಿ ನಿಮ್ಮ ಕೈ ನಡೆಯುತ್ತದೆಯೇ? ದಿನಕ್ಕೆ ನಿಜವಾಗಿ ಎಷ್ಟು ನಿಮಿಷ ಸಿಗುತ್ತದೆ?

ಮಣಿಪಾಲದ ಹಾಸ್ಟೆಲಿನಲ್ಲಿ ಇಬ್ಬರು ಹಂಚಿಕೊಂಡ ಕೋಣೆಯಲ್ಲಿ ಇರುವವರಿಗೆ ಬೆಂಕಿ ನಿಷಿದ್ಧ, ಅಡುಗೆಮನೆ ಇಲ್ಲ. ಅವರಿಗೆ ಸಿಜಿಲ್ (ಗುರಿಯೊಂದರ ಅಕ್ಷರಗಳನ್ನು ಕೂಡಿಸಿ ಮಾಡಿದ ಚಿತ್ರ), ಟ್ಯಾರೋ (ಇಸ್ಪೀಟಿನಂಥ ಚಿತ್ರದ ಎಲೆಗಳನ್ನು ನೋಡಿ ಅರ್ಥ ಹುಡುಕುವುದು), ಧ್ಯಾನ ಇವೇ ಗತಿ. ಅದರಲ್ಲಿ ಕೊರತೆಯೇನೂ ಇಲ್ಲ. ಕೂಡು ಕುಟುಂಬದಲ್ಲಿ ಬೆಳಿಗ್ಗೆ ಅಡುಗೆಗೆ ನಿಲ್ಲುವವರಿಗೆ ಕಿಚನ್ ವಿಚ್‌ಕ್ರಾಫ್ಟ್ ಹೊಂದುತ್ತದೆ, ಏಕೆಂದರೆ ಅದಕ್ಕೆ ಬೇರೆ ಸಮಯ, ಬೇರೆ ಜಾಗ ಎರಡೂ ಬೇಡ. ಬಾಗಿಲು ಹಾಕುವ ಕೋಣೆ, ಒಂದು ಗಂಟೆ ಬಿಡುವು ಎರಡೂ ಇದ್ದವರು ಮಾತ್ರ ವಿಕ್ಕಾದ ಪೂರ್ಣ ವಿಧಿಯನ್ನು ನೋಡಬಹುದು.

ಮನೆಯವರಿಗೆ ಹೇಳಬೇಕೇ ಎಂಬ ಪ್ರಶ್ನೆ ಎಲ್ಲರಿಗೂ ಬರುತ್ತದೆ. ಹದಿನೆಂಟು ತುಂಬದವರು ಹಿರಿಯರಿಗೆ ತಿಳಿಸಿಯೇ ಮಾಡಬೇಕು. ಉಳಿದವರು ಹೇಳದಿದ್ದರೂ, ಯಾರಾದರೂ ಕೋಣೆಗೆ ಬಂದರೆ ಬಚ್ಚಿಡಬೇಕಾದಂಥದ್ದನ್ನು ಮಾಡಬೇಡಿ. ಕೂದಲು, ಉಗುರು, ಬೇರೆಯವರ ಫೋಟೋ, ಬಟ್ಟೆಯ ಬೊಂಬೆ, ರಕ್ತ ಯಾವುದೂ ಬೇಡ. ಅಜ್ಜಿಗೋ ದೊಡ್ಡಮ್ಮನಿಗೋ ಒಮ್ಮೆ ‘ಇದು ಮಾಟ’ ಎಂಬ ಶಂಕೆ ಬಂದರೆ ಅದನ್ನು ಕಳೆಯುವುದು ಬಹಳ ಕಷ್ಟ. ಪುಸ್ತಕಗಳಲ್ಲಿ ‘ವಿಧಿ ಮುಗಿದ ಮೇಲೆ ಉಳಿದದ್ದನ್ನು ಕೂಡುದಾರಿಯಲ್ಲಿ ಬಿಡಿ’ ಎಂದು ಬರೆದಿರುತ್ತದೆ. ನಮ್ಮಲ್ಲಿ ಮೂರು ದಾರಿ ಕೂಡುವಲ್ಲಿ ಕೊಯ್ದ ನಿಂಬೆಹಣ್ಣು, ಕುಂಕುಮ, ಬೂದಿ ಕಂಡರೆ ಇಡೀ ಬೀದಿಯೇ ಹೆದರುತ್ತದೆ. ಯಾರಿಗೋ ಮಾಡಿಸಿದ್ದಾರೆ ಎಂಬ ಗುಲ್ಲು ಏಳುತ್ತದೆ, ಆಮೇಲೆ ಅದು ಯಾರ ತಲೆಗೆ ಕಟ್ಟುತ್ತದೋ ಹೇಳಲಾಗದು. ನಮ್ಮ ದೇಶದ ಹಲವೆಡೆ ಮಾಟಗಾತಿ ಎಂಬ ಆರೋಪ ಹೊರಿಸಿ ಹೆಂಗಸರನ್ನು ಹೊಡೆದು ಕೊಂದದ್ದುಂಟು. ಅಂಥ ಶಂಕೆಗೆ ನಿಮ್ಮಿಂದ ಒಂದು ಎಳೆಯೂ ಸಿಗಬಾರದು. ಉಳಿದ ಮೇಣ, ಬೂದಿ ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ, ಹೂ, ಎಲೆ ನಿಮ್ಮದೇ ಗಿಡದ ಬುಡಕ್ಕೆ. ನೇತ್ರಾವತಿಗಾಗಲಿ ಕಡಲಿಗಾಗಲಿ ಏನನ್ನೂ ಬಿಡಬೇಡಿ.

ಕಾನೂನನ್ನೂ ತಿಳಿದಿರಿ. ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯುವ ಕರ್ನಾಟಕದ 2017ರ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ಹಾವು, ಚೇಳು, ನಾಯಿ ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ, ತಾಯಿತ ಕೊಡುವುದು ಅದರಡಿ ಅಪರಾಧ. ರೋಗ ವಾಸಿ ಮಾಡುತ್ತೇವೆಂದು ತಾಯಿತ, ಮಂತ್ರದ ಜಾಹೀರಾತು ಕೊಡುವುದನ್ನು ಕೇಂದ್ರದ 1954ರ ಬೇರೊಂದು ಕಾಯ್ದೆ ತಡೆಯುತ್ತದೆ. ನಿಮ್ಮ ಕೋಣೆಯಲ್ಲಿ ಮೇಣದ ಬತ್ತಿ ಹಚ್ಚಿ ಪ್ರಾರ್ಥಿಸುವುದಕ್ಕೆ ಇವು ಅಡ್ಡ ಬರುವುದಿಲ್ಲ. ಬೇರೆಯವರ ಕಷ್ಟಕ್ಕೆ ‘ಪರಿಹಾರ’ ಕೊಡಲು, ಅದಕ್ಕೆ ಹಣ ಪಡೆಯಲು ಹೊರಟರೆ ಮಾತು ಬೇರೆ. ಹೊಸಬರು ಅತ್ತ ತಲೆಯನ್ನೂ ಹಾಕಬಾರದು.

ದಾರಿಗಳು, ಅವುಗಳ ದಿನನಿತ್ಯದ ಕೆಲಸ

ವಿಕ್ಕಾ ಒಂದು ಧರ್ಮ. ದೇವ, ದೇವಿ ಇಬ್ಬರ ಆರಾಧನೆ, ವರ್ಷಕ್ಕೆ ಎಂಟು ಹಬ್ಬ, ಹುಣ್ಣಿಮೆಯ ಕೂಟ ಇದರ ಚೌಕಟ್ಟು. ಗಾರ್ಡ್ನರ್ ಪರಂಪರೆಯಲ್ಲೂ, 1960ರ ದಶಕದಲ್ಲಿ ಅಲೆಕ್ಸ್ ಸ್ಯಾಂಡರ್ಸ್‌ರಿಂದ ಬಂದ ಅಲೆಕ್ಸಾಂಡ್ರಿಯನ್ ಪರಂಪರೆಯಲ್ಲೂ ಕೋವನ್ ಎಂಬ ಸಣ್ಣ ಗುಂಪಿನಲ್ಲಿ ದೀಕ್ಷೆ, ಮೂರು ಹಂತ. ದೀಕ್ಷೆಯನ್ನು ದೀಕ್ಷೆ ಪಡೆದವರೇ ಎದುರು ನಿಂತು ಕೊಡಬೇಕು. ಅದಕ್ಕೆ ಹಣ ತೆಗೆದುಕೊಳ್ಳಬಾರದೆಂಬುದು ಅಲ್ಲಿನ ಹಳೆಯ ಕಟ್ಟುಪಾಡು. ಹಾಗಾಗಿ ಆನ್‌ಲೈನ್‌ನಲ್ಲಿ ಶುಲ್ಕ ಕಟ್ಟಿಸಿಕೊಂಡು ಕೊಡುವ ‘ಗಾರ್ಡ್ನೇರಿಯನ್ ದೀಕ್ಷೆ’ ಆ ಪರಂಪರೆಯದ್ದಲ್ಲ. ಕೋವನ್ ಇಲ್ಲದೆ ಒಬ್ಬರೇ ಮಾಡುವ ವಿಕ್ಕಾ ಈಗ ಎಲ್ಲೆಡೆ ಸಾಮಾನ್ಯ, ಹೊಸಬರಿಗೆ ಇಲ್ಲಿ ಕೈಗೆಟುಕುವುದೂ ಅದೇ. ಪೂಜೆಯ ಕ್ರಮ, ಒಂದಾದ ಮೇಲೊಂದು ಹೆಜ್ಜೆ, ಬಾಯಿಪಾಠದ ಸಾಲುಗಳು ಇಷ್ಟವಾಗುವವರಿಗೆ ಇದು ಹಿಡಿಸುತ್ತದೆ. ಯಾರಿಗೂ ಕೇಡಾಗದಿದ್ದರೆ ನಿನ್ನ ಇಚ್ಛೆಯಂತೆ ನಡೆ ಎಂಬ ಅರ್ಥದ ವಿಕ್ಕನ್ ರೀಡ್ ಇವರ ನೀತಿ. ಅದು ಎಲ್ಲ ವಿಚ್‌ಗಳ ನೀತಿ ಎಂದು ಹೊಸಬರು ತಿಳಿಯುತ್ತಾರೆ, ಹಾಗಲ್ಲ.

ಕಿಚನ್ ಮತ್ತು ಗ್ರೀನ್ ವಿಚ್‌ಕ್ರಾಫ್ಟ್‌ಗೆ ಗುರುಪರಂಪರೆ ಇಲ್ಲ, ಗ್ರಂಥ ಇಲ್ಲ. ಒಂದರಲ್ಲಿ ಒಲೆ, ಪೊರಕೆ, ಹೊಸ್ತಿಲು, ಊಟ. ಇನ್ನೊಂದರಲ್ಲಿ ಗಿಡ, ಮಣ್ಣು, ಋತು. ಮಾಡುವ ಕೆಲಸಕ್ಕೆ ಒಂದು ಸ್ಪಷ್ಟ ಉದ್ದೇಶ ಕೊಟ್ಟು, ಮನಸ್ಸು ಅಲ್ಲಿಂದ ಕದಲದಂತೆ ಮಾಡುವುದೇ ಇದರ ತಿರುಳು. ಹೇಳಲು ಸುಲಭ, ಮಾಡಲು ಎಲ್ಲಕ್ಕಿಂತ ಕಷ್ಟ. ಏಕೆಂದರೆ ಇಲ್ಲಿ ನಿಮ್ಮನ್ನು ಹಿಡಿದು ನಿಲ್ಲಿಸುವ ಮಂತ್ರವೂ ಇಲ್ಲ, ಕ್ರಮವೂ ಇಲ್ಲ. ಆದರೂ ಕರಾವಳಿಯ ಹೊಸಬರಿಗೆ ನಾವು ಮೊದಲು ಹೇಳುವುದು ಇದನ್ನೇ. ಪುಸ್ತಕಗಳಲ್ಲಿ ಬರುವ ರೋಸ್ಮರಿ, ಮಗ್‌ವರ್ಟ್‌ನಂಥ ಯುರೋಪಿನ ಗಿಡ ಹುಡುಕಿಕೊಂಡು ಹೋಗಬೇಡಿ. ತುಳಸಿ, ಲಾವಂಚ, ಅರಿಶಿನ, ಶುಂಠಿ, ನಿಂಬೆಹುಲ್ಲು, ಜಾಯಿಕಾಯಿ, ಪುನರ್ಪುಳಿ ಎಲ್ಲ ಹಿತ್ತಲಲ್ಲೋ ಪೇಟೆಯಲ್ಲೋ ಸಿಗುತ್ತವೆ. ಗಿಡವನ್ನು ಕಣ್ಣಾರೆ ನೋಡಿ, ಮೂಸಿ, ಬೆಳೆಸಿ ಕಲಿಯುವುದೇ ಗ್ರೀನ್ ವಿಚ್‌ನ ವಿದ್ಯೆ. ಪೊಟ್ಟಣದಲ್ಲಿ ಬಂದ ಒಣ ಎಲೆ ಆ ಪಾಠ ಕಲಿಸದು.

ಕೇಯಾಸ್ ಮ್ಯಾಜಿಕ್ 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಪೀಟರ್ ಕ್ಯಾರೊಲ್, ರೇ ಶೆರ್ವಿನ್ ಮುಂತಾದವರಿಂದ ಶುರುವಾಯಿತು. ನಂಬಿಕೆಯನ್ನೇ ಒಂದು ಸಲಕರಣೆಯಾಗಿ ಬಳಸುವುದು, ಬರೆದಿಡುವುದು, ಫಲ ನೋಡುವುದು ಇದರ ರೀತಿ. ಇದರ ಮುಖ್ಯ ಸಲಕರಣೆಯಾದ ಸಿಜಿಲ್ ಚಿತ್ರಕಾರ ಆಸ್ಟಿನ್ ಓಸ್ಮನ್ ಸ್ಪೇರ್‌ನಿಂದ ಬಂದದ್ದು. ದೇವರ ಮಾತು ಬೇಡ ಎನ್ನುವವರಿಗೂ, ತಮ್ಮ ದೇವರನ್ನು ಬಿಡಲೊಲ್ಲದವರಿಗೂ ಇದು ಒಗ್ಗುತ್ತದೆ.

ವಿಧಿವತ್ತಾದ ಸೆರಿಮೋನಿಯಲ್ ಮ್ಯಾಜಿಕ್ 1888ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಗೋಲ್ಡನ್ ಡಾನ್ ಸಂಘದ ಬಳುವಳಿ. ಹೀಬ್ರೂ ಹೆಸರುಗಳು, ಕಬಾಲಾ ಎಂಬ ಯಹೂದಿ ರಹಸ್ಯವಿದ್ಯೆ, ದಿನಾಲೂ ಒಂದೇ ವಿಧಿಯ ಪುನರಾವರ್ತನೆ. ಓದು ಬಹಳ. ಹೆಡ್ಜ್ ವಿಚ್‌ಕ್ರಾಫ್ಟ್‌ನಲ್ಲಿ ಅರೆನಿದ್ರೆಯಂಥ ಸ್ಥಿತಿಗೆ ಹೋಗುವ ಅಭ್ಯಾಸ ಉಂಟು. ಮೊದಲ ವರ್ಷ ಬೇಡ. ರಾಬರ್ಟ್ ಕಾಕ್ರೇನ್ 1960ರ ದಶಕದಲ್ಲಿ ಹೆಸರು ತಂದುಕೊಟ್ಟ ಟ್ರೆಡಿಷನಲ್ ವಿಚ್‌ಕ್ರಾಫ್ಟ್ ಬ್ರಿಟನ್ನಿನ ಮಣ್ಣು, ಅಲ್ಲಿನ ಸ್ಥಳದ ಚೇತನಗಳು, ಅಲ್ಲಿನ ಪೂರ್ವಿಕರನ್ನು ನೆಚ್ಚಿದ್ದು. ಅದನ್ನು ಇಲ್ಲಿಗೆ ತಂದು ‘ನಮ್ಮ ಊರಿನ ಚೇತನ’ಗಳನ್ನು ಕರೆಯುತ್ತೇನೆ ಎನ್ನುವವರು ನೇರ ದೈವಗಳ ಅಂಗಳಕ್ಕೆ ಕಾಲಿಡುತ್ತಾರೆ.

ಆ ಅಂಗಳದ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಲೇಬೇಕು. ಯಾರು ಬೇಕಾದರೂ ಕಲಿಯಬಹುದಾದ ತೆರೆದ ಸಂಪ್ರದಾಯ, ಒಳಗಿನವರಿಗೆ ಮಾತ್ರ ಸೇರಿದ ತೆರೆಯದ ಸಂಪ್ರದಾಯ ಎಂಬ ವ್ಯತ್ಯಾಸ ವಿಚ್‌ಕ್ರಾಫ್ಟ್ ಕಲಿಯುವವರಿಗೆ ಮೊದಲೇ ಗೊತ್ತಿರಬೇಕು. ಹೈಟಿ ದೇಶದ ವೋಡೂ ಎಂಬ ಧರ್ಮ, ದೀಕ್ಷೆ ಇಲ್ಲದವರು ಪುಸ್ತಕ ನೋಡಿ ಮಾಡುವಂಥದ್ದಲ್ಲ. ಅದೇ ಅಳತೆ ನಮಗೂ ಸಲ್ಲುತ್ತದೆ. ಭೂತಕೋಲ, ನೇಮ ಪಂಬದ, ಪರವ, ನಲಿಕೆ ಸಮುದಾಯಗಳವರು ತಲೆತಲಾಂತರದಿಂದ, ವ್ರತ ಹಿಡಿದು, ಗುತ್ತು, ಗ್ರಾಮ, ಕುಟುಂಬಗಳ ಕಟ್ಟಿನೊಳಗೆ ನಡೆಸಿಕೊಂಡು ಬಂದದ್ದು. ದೈವದ ಹೆಸರು ಹಿಡಿದು ಕೋಣೆಯಲ್ಲಿ ಕರೆಯುವುದು, ಪಾಡ್ದನದ ಸಾಲನ್ನು ಮಂತ್ರದಂತೆ ಬಳಸುವುದು, ಮೊಗದ ಚಿತ್ರವನ್ನು ನಿಮ್ಮ ಪೀಠದಲ್ಲಿಡುವುದು ಬೇಡವೇ ಬೇಡ. ನಾಗಬನದಿಂದ ಎಲೆ, ಮಣ್ಣು, ಕಡ್ಡಿ ಯಾವುದನ್ನೂ ತರಬಾರದು. ನಿಮ್ಮ ಕುಟುಂಬದ ನೇಮಕ್ಕೆ, ತಂಬಿಲಕ್ಕೆ ಎಂದಿನಂತೆ ಹೋಗಿ ಕೈಮುಗಿಯಿರಿ. ಅದಕ್ಕೂ ಇದಕ್ಕೂ ಗಂಟು ಹಾಕಬೇಡಿ.

ಎಂಟು ಹಬ್ಬಗಳನ್ನು ಇಲ್ಲಿ ಏನು ಮಾಡುವುದು

ವಿಕ್ಕಾದ ವರ್ಷಚಕ್ರ ಇಂಗ್ಲೆಂಡಿನ ಬೆಳಕಿಗೆ ಕಟ್ಟಿದ್ದು. ಲಂಡನ್ನಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಎಂಟು ಗಂಟೆ ಮೀರಿದ ಅಂತರ. ಮಂಗಳೂರಿನಲ್ಲಿ ಸುಮಾರು ಒಂದೂವರೆ ಗಂಟೆ ಮಾತ್ರ. ಡಿಸೆಂಬರ್ 21ರ ಯೂಲ್‌ನಲ್ಲಿ ಸೂರ್ಯ ಮರಳಿ ಹುಟ್ಟಿದ ಎಂದು ಅಲ್ಲಿ ಮೈ ತಾನೇ ಹೇಳುತ್ತದೆ, ಇಲ್ಲಿ ಹೇಳುವುದಿಲ್ಲ. ಜೂನ್ 21ರ ಲಿಥಾ ಅಲ್ಲಿ ಬಿಸಿಲಿನ ಹಬ್ಬ. ನಮ್ಮಲ್ಲಿ ಅಂದು ಸೂರ್ಯ ಕಾಣಿಸಿದರೆ ಪುಣ್ಯ. ಆಸ್ಟ್ರೇಲಿಯಾದ ವಿಕ್ಕನ್ನರು ಚಕ್ರವನ್ನೇ ತಿರುಗಿಸಿ ಯೂಲನ್ನು ಜೂನ್‌ನಲ್ಲಿ ಆಚರಿಸುತ್ತಾರೆ, ಆದ್ದರಿಂದ ಬದಲಾಯಿಸುವುದು ತಪ್ಪಲ್ಲ.

ನಾವು ಸೂಚಿಸುವುದು ಇಷ್ಟು. ಮೊದಲ ವರ್ಷ ಯಾವ ಹಬ್ಬವನ್ನೂ ಆಚರಿಸಬೇಡಿ. ನಿಮ್ಮ ಜಾಗದ ತಿರುವುಗಳನ್ನು ದಾಖಲಿಸಿ. ಏಪ್ರಿಲ್ ನಡುವಿನ ಬಿಸು. ಏಪ್ರಿಲ್ 24–25ರ ಹೊತ್ತಿಗೆ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ನಿಂತು ನೆಟ್ಟ ಕೋಲಿಗೆ ನೆರಳೇ ಇಲ್ಲದ ದಿನ. ಅದು ಆಗಸ್ಟ್ 17–18ಕ್ಕೆ ಮತ್ತೆ ಬರುತ್ತದೆ, ಆಗ ಮೋಡವಿದ್ದರೆ ಕಾಣುವುದಿಲ್ಲ. ಮೇ ಕೊನೆಯ ಪತ್ತನಾಜೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಂತು ಮಲ್ಪೆ ಬಂದರು ಸುಮ್ಮನಾಗುವ ಕಾಲ. ಆಟಿ, ಸೋಣ, ತೆನೆ ಬರುವ ಹೊತ್ತು, ಫೆಬ್ರವರಿಯ ಕೆಡ್ಡಸ. ಇವುಗಳನ್ನು ವಿಕ್ಕಾದ ಹಬ್ಬಗಳೆಂದು ಕರೆಯುವುದು ಬೇಡ, ಇವಕ್ಕೆ ಅವುಗಳದ್ದೇ ಆಚಾರ ಉಂಟು. ಅಂದು ಗಾಳಿ ಯಾವ ಕಡೆಯಿಂದ, ಯಾವ ಹೂ, ಯಾವ ಹಕ್ಕಿ, ಮೈಗೆ ಹೇಗನಿಸಿತು ಎಂದು ಬರೆಯಿರಿ. ವರ್ಷ ತುಂಬುವಾಗ ನಿಮ್ಮ ಎಂಟು ದಿನಗಳು ಯಾವುವು ಎಂಬುದಕ್ಕೆ ಆ ಪುಸ್ತಕವೇ ಆಧಾರ.

ದಿಕ್ಕುಗಳಲ್ಲೂ ಹೀಗೇ. ಬ್ರಿಟಿಷ್ ರೂಢಿಯಲ್ಲಿ ಪೂರ್ವಕ್ಕೆ ಗಾಳಿ, ದಕ್ಷಿಣಕ್ಕೆ ಬೆಂಕಿ, ಪಶ್ಚಿಮಕ್ಕೆ ನೀರು, ಉತ್ತರಕ್ಕೆ ಮಣ್ಣು. ಪಶ್ಚಿಮದಲ್ಲಿ ಕಡಲೇ ಇರುವ ನಮಗೆ ನೀರು ಸರಿಯಾಗಿಯೇ ಹೊಂದುತ್ತದೆ. ಪೂರ್ವದಲ್ಲಿ ಘಟ್ಟ ನಿಂತಿರುವಾಗ ಅಲ್ಲಿ ಮಣ್ಣು ಎನ್ನುವುದೇ ಸಹಜ ಎಂದು ಗಾಳಿ, ಮಣ್ಣು ಅದಲುಬದಲು ಮಾಡಿಕೊಳ್ಳುವವರು ಇದ್ದರೆ ಅದೂ ಸರಿ. ಒಮ್ಮೆ ಒಂದು ಕ್ರಮ ಹಿಡಿದರೆ ಮೂರು ತಿಂಗಳು ಅದನ್ನೇ ಇಟ್ಟುಕೊಳ್ಳಿ.

ಮೊದಲ ತಿಂಗಳು: ಏನನ್ನೂ ಬೇಡದ ಅಭ್ಯಾಸ

200 ಪುಟದ ಒಂದು ನೋಟ್‌ಪುಸ್ತಕ ಸಾಕು. ಪ್ರತಿ ಸಲ ತಾರೀಕು, ತಿಥಿ, ಹವೆ, ಹೊತ್ತು, ಏನು ಮಾಡಿದಿರಿ, ಎಷ್ಟು ನಿಮಿಷ, ಮೊದಲು ಮತ್ತು ಆಮೇಲೆ ಮೈಮನಸ್ಸು ಹೇಗಿತ್ತು ಎಂದು ಐದಾರು ಸಾಲು. ತಪ್ಪಿಸಿದ ದಿನವೂ ಬರೆಯಬೇಕು, ಕಾರಣದ ಸಮೇತ. ಈ ಪುಸ್ತಕದಲ್ಲಿ ಬಹಳ ಬೆಲೆಬಾಳುವುದು ಆ ತಪ್ಪಿಸಿದ ದಿನಗಳ ಪಟ್ಟಿಯೇ.

ದಿನಕ್ಕೆ ಏಳು ನಿಮಿಷ ಬೆನ್ನು ನೆಟ್ಟಗಿಟ್ಟು ಕೂತು ಉಸಿರು ಎಣಿಸಿ. ಒಂದರಿಂದ ಹತ್ತು, ಮತ್ತೆ ಒಂದರಿಂದ. ಎಣಿಕೆ ತಪ್ಪಿದರೆ ಒಂದಕ್ಕೆ ಮರಳಿ. ಸಂಜೆ ಚಂದ್ರನನ್ನು ಹುಡುಕಿ. ಮಳೆಗಾಲದಲ್ಲಿ ಕಾಣದಿದ್ದರೆ ಗೋಡೆಯ ಪಂಚಾಂಗ ನೋಡಿ ತಿಥಿ ಬರೆಯಿರಿ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಇಪ್ಪತ್ತೊಂಬತ್ತೂವರೆ ದಿನ. ಹುಣ್ಣಿಮೆ, ಅಮಾವಾಸ್ಯೆ ಎರಡರ ಆಸುಪಾಸಿನಲ್ಲೂ ಉಬ್ಬರ, ಇಳಿತದ ಅಂತರ ಹೆಚ್ಚು. ಕಡಲ ಹತ್ತಿರ ಇರುವವರು ಅದನ್ನು ದಡದಿಂದಲೇ ನೋಡಬಹುದು. ಮಳೆಗಾಲದಲ್ಲಿ ನೀರಿಗಿಳಿಯುವುದು ಬೇಡ, ರಾತ್ರಿ ಒಬ್ಬರೇ ಬೀಚಿಗೆ ಹೋಗುವುದೂ ಬೇಡ. ಜೊತೆಗೆ ಒಂದೇ ಒಂದು ಗಿಡ ಆರಿಸಿ ತಿಂಗಳಿಡೀ ಅದನ್ನೇ ಗಮನಿಸಿ.

ಈ ತಿಂಗಳಲ್ಲೇ ಹಲವರು ಬಿಡುತ್ತಾರೆ. ಏನೂ ಆಗುತ್ತಿಲ್ಲ ಎಂಬ ಬೇಸರವೇ ಕಾರಣ. ಆದರೆ ಏಳು ನಿಮಿಷ ಒಂದೆಡೆ ಕೂರಲಾಗದ ಮನಸ್ಸು ಒಂದು ಗಂಟೆಯ ವಿಧಿಯಲ್ಲಿ ಖಂಡಿತ ನಿಲ್ಲದು.

ಎರಡನೇ ತಿಂಗಳು: ವಾರಕ್ಕೊಂದು ರುಚಿ

ಅಡುಗೆಮನೆಯ ವಾರ. ಎರಡು ಲೋಟ ನೀರಿಗೆ ಆರು ಒಣ ಪುನರ್ಪುಳಿ ಸಿಪ್ಪೆ ಹಾಕಿ ಅರ್ಧ ಗಂಟೆ ನೆನೆಸಿ. ಆ ಅರ್ಧ ಗಂಟೆಯಲ್ಲಿ ಅಡುಗೆಕಟ್ಟೆ ಒರೆಸಿ, ಹೊಸ್ತಿಲು ಗುಡಿಸಿ. ನೆನೆದದ್ದನ್ನು ಸ್ಟೀಲ್ ಪಾತ್ರೆಯಲ್ಲಿ ಐದು ನಿಮಿಷ ಕುದಿಸಿ, ಎರಡು ಚಮಚ ಬೆಲ್ಲ, ಚಿಟಿಕೆ ಉಪ್ಪು, ಚಿಟಿಕೆ ಜೀರಿಗೆ ಪುಡಿ ಹಾಕಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿ ಅದನ್ನು ತಿನ್ನುತ್ತದೆ. ತಿರುಗಿಸುವಾಗ ಬಲಗಡೆಗೆ ತಿರುಗಿಸುತ್ತ ಉದ್ದೇಶವನ್ನು ಒಂದೇ ವಾಕ್ಯದಲ್ಲಿ ಹೇಳಿ. ‘ಈ ಮನೆಯ ಮಾತು ತಣ್ಣಗಾಗಲಿ’ ಎಂಬಂಥದ್ದು. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಎಲ್ಲರಿಗೂ ಕೊಡಿ, ನೀವು ಮಾತಿಲ್ಲದೆ ಕುಡಿಯಿರಿ. ವಾರದಲ್ಲಿ ಮೂರು ಸಲ. ಊಟ, ಪಾನೀಯಕ್ಕೆ ದಿನಾ ಬಳಸುವ ಪದಾರ್ಥ ಬಿಟ್ಟು ಬೇರೇನೂ ಸೇರಿಸಬಾರದು. ಕೈವಿಷದ ಭಯ ಇರುವ ಊರಿದು, ಬೇರೆಯವರ ಹೊಟ್ಟೆಗೆ ಹೋಗುವುದರಲ್ಲಿ ಗುಟ್ಟು ಇರಬಾರದು.

ವಿಕ್ಕಾ ವಾರ. ಹುಣ್ಣಿಮೆ ಬರುವ ವಾರಕ್ಕೆ ಇದನ್ನಿಡಿ. ಸ್ನಾನ, ನೆಲ ಗುಡಿಸುವುದು, ಫ್ಯಾನ್ ಆಫ್. ಮಣೆಯ ಮೇಲೆ ಒಂದು ಲೋಟ ನೀರು, ಒಂದು ಚಮಚ ಕಲ್ಲುಪ್ಪು, ಸ್ಟೀಲ್ ತಟ್ಟೆಯಲ್ಲಿ ಬೆರಳುದ್ದ ಮರಳು ಹಾಕಿ ನಡುವೆ ಮೇಣದ ಬತ್ತಿ, ತಿನ್ನಲು ಏನಾದರೂ ಚೂರು. ಕೋಣೆಯ ಅಂಚಿನಲ್ಲಿ ಪ್ರದಕ್ಷಿಣೆಯಾಗಿ ಒಂದು ಸುತ್ತು ನಡೆದು, ಈ ವೃತ್ತದೊಳಗೆ ಶಾಂತಿ ಇರಲಿ ಎನ್ನಿ. ನಾಲ್ಕು ದಿಕ್ಕಿಗೆ ತಿರುಗಿ ಗಾಳಿ, ಬೆಂಕಿ, ನೀರು, ಮಣ್ಣು ಒಂದೊಂದಕ್ಕೂ ಸ್ವಾಗತ ಹೇಳಿ. ಹತ್ತು ನಿಮಿಷ ಸುಮ್ಮನೆ ಕೂರಿ. ತಿಂಡಿ, ನೀರು ಸ್ವಲ್ಪ ತೆಗೆದಿಟ್ಟು ಉಳಿದದ್ದು ತಿನ್ನಿ. ದಿಕ್ಕುಗಳಿಗೆ ವಂದಿಸಿ, ಅಪ್ರದಕ್ಷಿಣೆಯಾಗಿ ನಡೆದು ಮುಗಿಸಿ. ನಡುವೆ ಕಾಲಿಂಗ್ ಬೆಲ್ ಆದರೆ ಬತ್ತಿ ಆರಿಸಿ, ‘ಮುಗಿಯಿತು’ ಎಂದು ಒಂದು ಮಾತು ಹೇಳಿ ಎದ್ದು ಹೋಗಿ. ಶುರು ಮಾಡಿ ಮುಗಿಸದೆ ಬಿಡುವುದು ಹೊಸಬರ ಸಾಮಾನ್ಯ ತಪ್ಪು. ಅದರಿಂದ ಕೇಡೇನೂ ಆಗದಿದ್ದರೂ ಮನಸ್ಸು ಅರ್ಧಕ್ಕೇ ನಿಂತು ರಾತ್ರಿಯಿಡೀ ಕಾಡುತ್ತದೆ.

ಸಿಜಿಲ್ ವಾರ. ಪುಸ್ತಕಗಳಲ್ಲಿ ಇಂಗ್ಲಿಷ್ ಅಕ್ಷರಗಳ ವಿಧಾನ ಇರುತ್ತದೆ. ಕನ್ನಡದಲ್ಲಿ ಹೀಗೆ ಮಾಡಿ. ನಿಮ್ಮ ಕೈಯಲ್ಲೇ ಇರುವ ಒಂದು ಸಣ್ಣ ಗುರಿಯನ್ನು ಆಗುತ್ತಿರುವಂತೆ ಬರೆಯಿರಿ: ‘ನಾನು ಆರಕ್ಕೆ ಏಳುತ್ತೇನೆ’. ಸ್ವರಗಳನ್ನು, ಕಾಗುಣಿತದ ಗುರುತುಗಳನ್ನು ತೆಗೆದುಹಾಕಿ, ಒತ್ತಕ್ಷರಗಳನ್ನು ಬಿಡಿಸಿ. ಸಿಗುವುದು ನ, ನ, ರ, ಕ, ಕ, ಳ, ತ, ತ, ನ. ಮರುಕಳಿಸಿದ್ದನ್ನು ಹೊಡೆದರೆ ಉಳಿಯುವುದು ನ, ರ, ಕ, ಳ, ತ. ಈ ಐದನ್ನೂ ಒಂದರ ಮೇಲೊಂದು ಕೂಡಿಸಿ ಒಂದೇ ಚಿತ್ರ ಮಾಡಿ. ತಲೆಕಟ್ಟು ಒಂದೇ ಸಾಕು, ಒಂದೇ ಬಗೆಯ ಬಾಗುಗಳನ್ನು ಒಂದೇ ಗೆರೆಯಲ್ಲಿ ಮುಗಿಸಿ. ಓದಲು ಬಾರದಂತೆ ಆಗುವವರೆಗೆ ನಾಲ್ಕೈದು ಸಲ ತಿದ್ದಿ. ವಾಕ್ಯ ಉದ್ದವಾದರೆ ಹತ್ತು ಹದಿನೈದು ಅಕ್ಷರ ಉಳಿದು ಚಿತ್ರ ಕಲಸಿಹೋಗುತ್ತದೆ, ಆರಕ್ಕಿಂತ ಹೆಚ್ಚು ಬಂದರೆ ವಾಕ್ಯವನ್ನೇ ಮೊಟಕು ಮಾಡಿ. ಆಮೇಲೆ ಚಿತ್ರವನ್ನು ಎರಡು ನಿಮಿಷ ರೆಪ್ಪೆ ಬಡಿಯದಷ್ಟು ಗಮನವಿಟ್ಟು ನೋಡಿ, ಕಾಗದ ಹರಿದು ಬಿಸಾಡಿ, ಬೇರೆ ಕೆಲಸಕ್ಕೆ ಹೋಗಿ. ಬೇರೆಯವರ ಮನಸ್ಸು ತಿರುಗಿಸುವ ಗುರಿ ಬೇಡ. ಅದು ಸರಿಯೂ ಅಲ್ಲ, ಫಲ ಅಳೆಯಲೂ ಆಗದು.

ಟ್ಯಾರೋ ವಾರ. 78 ಎಲೆಗಳು, ಅದರಲ್ಲಿ 22 ಮೇಜರ್, 56 ಮೈನರ್. 1909ರಲ್ಲಿ ಪಮೇಲಾ ಕೋಲ್ಮನ್ ಸ್ಮಿತ್ ಚಿತ್ರ ಬರೆದ ರೈಡರ್–ವೇಟ್ ಕಟ್ಟೇ ಕಲಿಯಲು ಒಳ್ಳೆಯದು, ಏಕೆಂದರೆ ಪ್ರತಿ ಎಲೆಯಲ್ಲೂ ಒಂದು ದೃಶ್ಯವಿದೆ. ದಿನಕ್ಕೊಂದು ಎಲೆ. ಅರ್ಥ ನೋಡುವ ಮೊದಲೇ ಕಂಡದ್ದನ್ನು ಮೂರು ಸಾಲು ಬರೆಯಿರಿ. ಒಂದೇ ಪ್ರಶ್ನೆಯನ್ನು ಬೇಕಾದ ಉತ್ತರ ಬರುವವರೆಗೆ ಕೇಳುವ ಚಟ ಬೇಗ ಹತ್ತುತ್ತದೆ, ದಿನಕ್ಕೆ ಒಂದೇ ಸಲ ಎಂಬ ನಿಯಮ ಮೀರಬೇಡಿ. ಕಟ್ಟು ಕೊಳ್ಳದೆ ಮೊಬೈಲಿನಲ್ಲೇ ಈ ಒಂದು ವಾರ ನಡೆಸಬಹುದು.

ಕರಾವಳಿಯಲ್ಲಿ ಕೆಡುವ ಸಾಮಾನು

ಪುಸ್ತಕ ಬರೆದವರಿಗೆ ನಮ್ಮ ತೇವದ ಅಂದಾಜಿಲ್ಲ. ಒಣ ಎಲೆಗಳ ಬಾಟಲಿ ಜೂನ್ ಬಂದ ಎರಡು ವಾರಕ್ಕೆ ಬೂಷ್ಟು ಹಿಡಿಯುತ್ತದೆ. ಒಣಗಿಸುವ ಕೆಲಸ ಫೆಬ್ರವರಿಯಿಂದ ಏಪ್ರಿಲ್ ಒಳಗೆ, ನೆರಳಿನಲ್ಲಿ. ಎಲೆ ಮುರಿದರೆ ಚಟ್ ಎನ್ನಬೇಕು, ಬಾಗಿದರೆ ಇನ್ನೂ ನೀರಿದೆ. ಗಾಜಿನ ಬಾಟಲಿ, ಬಿಗಿ ಮುಚ್ಚಳ, ಒಳಗೆ ಬಟ್ಟೆಯಲ್ಲಿ ಕಟ್ಟಿದ ಒಂದು ಹಿಡಿ ಹುರಿದು ಆರಿಸಿದ ಅಕ್ಕಿ. ಹದಿನೈದು ದಿನಕ್ಕೊಮ್ಮೆ ತೆರೆದು ಮೂಸಿ. ಬೂಷ್ಟಿನ ವಾಸನೆ ಬಂದರೆ ಬಿಸಾಡಿ, ಬಿಸಿಲಿಗಿಟ್ಟು ಮತ್ತೆ ಬಳಸಬೇಡಿ. ಕಲ್ಲುಪ್ಪು ನೀರಾಗುತ್ತದೆ, ಬೇಕಾದಾಗ ಅಡುಗೆಮನೆಯಿಂದಲೇ ತೆಗೆದುಕೊಳ್ಳಿ. ಬಳಸಿದ ಉಪ್ಪುನೀರು ಬಚ್ಚಲಿಗೆ ಸುರಿಯಿರಿ, ಗಿಡದ ಬುಡಕ್ಕೆ ಹಾಕಿದರೆ ಗಿಡ ಸಾಯುತ್ತದೆ. ಮೇ ತಿಂಗಳ ಸೆಖೆಗೆ ಉದ್ದ ಮೇಣದ ಬತ್ತಿ ಮೆತ್ತಗಾಗಿ ಬಾಗಿ ಪರದೆ ಮುಟ್ಟುವ ಅಪಾಯವಿದೆ. ಗಿಡ್ಡ ಬತ್ತಿಯೇ ಲೇಸು. ಅದೂ ಗ್ಯಾಸ್ ಸಿಲಿಂಡರ್ ಇಲ್ಲದ ಕೋಣೆಯಲ್ಲಿ, ಪರದೆಯಿಂದ ಮೂರು ಅಡಿ ದೂರ. ಮೇಣದ ಬತ್ತಿ ಬೇಕಾದ ಎಲ್ಲ ಕಡೆ ಎಣ್ಣೆದೀಪವೂ ಆಗುತ್ತದೆ. ಕಿಟಕಿ ಮುಚ್ಚಿದ ಮಳೆಗಾಲದ ಕೋಣೆಯಲ್ಲಿ ಸಾಂಬ್ರಾಣಿ ಬೇಡ, ದಮ್ಮು ಇರುವವರಿಗೆ ಯಾವಾಗಲೂ ಬೇಡ.

ಗಿಡಗಳ ವಿಷಯದಲ್ಲಿ ಒಂದಿಷ್ಟೂ ಸಡಿಲ ಬಿಡಬಾರದು. ಮಾಟಗಾತಿಯರು ಹಚ್ಚಿಕೊಂಡು ಹಾರುತ್ತಾರೆಂದು ಹಳೆಯ ಯುರೋಪಿನಲ್ಲಿ ಹೇಳುತ್ತಿದ್ದ ‘ಹಾರುವ ಮುಲಾಮು’ಗಳಲ್ಲಿ ಬರುವ ಬೆಲ್ಲಡೋನ, ಹೆನ್‌ಬೇನ್ ಎಂಬ ವಿಷಗಿಡಗಳ ಕುಟುಂಬದ್ದೇ ನಮ್ಮ ಉಮ್ಮತ್ತಿ. ಅದನ್ನು ಬದಲಿಗೆ ಬಳಸಿದರೆ ಬುದ್ಧಿಭ್ರಮೆ, ಹೆಚ್ಚಾದರೆ ಸಾವು. ಕಣಗಿಲೆ, ಗುಲಗಂಜಿ, ಅಗ್ನಿಶಿಖೆಯ ಗೆಡ್ಡೆ ಇವೂ ವಿಷ. ಆಟಿ ಅಮಾವಾಸ್ಯೆಯ ಹಾಲೆಮರದ ಕಷಾಯವನ್ನೇ ನೋಡಿ. ನಸುಕಿನ ಕತ್ತಲಲ್ಲಿ ಮರ ಗುರುತಿಸಲು ತಪ್ಪಿ ಕಾಸರಕದ ತೊಗಟೆ ತಂದರೆ ಪ್ರಾಣಕ್ಕೇ ಸಂಚಕಾರ. ಮರ ಬಲ್ಲ ಹಿರಿಯರು ತಂದದ್ದನ್ನು ಮಾತ್ರ ಕುಡಿಯಬೇಕು. ಗಿಡದ ಹೆಸರು ನೂರಕ್ಕೆ ನೂರು ಗೊತ್ತಿಲ್ಲದಿದ್ದರೆ ಬಾಯಿಗೆ ಇಡಬೇಡಿ, ಮೈಗೆ ಹಚ್ಚಬೇಡಿ, ಸುಟ್ಟು ಹೊಗೆ ತೆಗೆದುಕೊಳ್ಳಬೇಡಿ.

ಮೂರನೇ ತಿಂಗಳು, ಮತ್ತು ಆಮೇಲೆ

ಪುಸ್ತಕ ತೆರೆದು ನಾಲ್ಕು ವಾರಗಳನ್ನು ಪಕ್ಕಪಕ್ಕದಲ್ಲಿಡಿ. ಯಾವುದು ರೋಮಾಂಚನ ಕೊಟ್ಟಿತು ಎಂದು ನೋಡಬೇಡಿ. ಯಾವುದನ್ನು ಕಡಿಮೆ ಸಲ ತಪ್ಪಿಸಿದಿರಿ, ಯಾವುದು ಮುಗಿದ ಮೇಲೆ ಮರುದಿನದ ಕೆಲಸ ಹಗುರಾಯಿತು ಎಂದು ನೋಡಿ. ಅದೊಂದನ್ನೇ ಮೂರನೇ ತಿಂಗಳಿಡೀ ವಾರಕ್ಕೆ ಎರಡು ಸಲ ಮಾಡಿ. ಎಂಟು ಸಲದಲ್ಲಿ ಆರು ಸಲ ಮಾಡಿದ್ದರೆ ಅದು ನಿಮ್ಮ ದಾರಿ. ನಾಲ್ಕಕ್ಕಿಂತ ಕಡಿಮೆಯಾದರೆ ಎರಡನೆಯದನ್ನು ಹಿಡಿದು ಇನ್ನೊಂದು ತಿಂಗಳು. ಎರಡು ದಾರಿ ಸಮಸಮ ಬಂದರೆ ಕೂಡಿಸಬಹುದು, ಅಂಥವರನ್ನು ಎಕ್ಲೆಕ್ಟಿಕ್ ಎನ್ನುತ್ತಾರೆ. ಆದರೆ ಮೂರು ತಿಂಗಳೂ ಒಂದರಿಂದ ಒಂದಕ್ಕೆ ಹಾರಿದ್ದರೆ ಅದನ್ನು ಎಕ್ಲೆಕ್ಟಿಕ್ ಎಂದು ಕರೆದುಕೊಳ್ಳುವುದು ಬೇಡ.

ಬತ್ತಿ ಹಚ್ಚಿದರೆ ಕೆಲಸ ಸಿಗುತ್ತದೆ, ಕಾಯಿಲೆ ಹೋಗುತ್ತದೆ ಎಂದು ಯಾರೂ ಖಾತ್ರಿ ಕೊಡಲಾರರು. ಈ ಅಭ್ಯಾಸ ಗಮನವನ್ನು, ಋತುವಿನ ಅರಿವನ್ನು, ಮಾತಿನ ಮೇಲಿನ ಹಿಡಿತವನ್ನು ಬೆಳೆಸುತ್ತದೆ. ಅದನ್ನು ನಿಮ್ಮ ಪುಸ್ತಕದಲ್ಲೇ ಕಾಣುವಿರಿ. ಔಷಧ ನಿಲ್ಲಿಸಬೇಡಿ. ನಿದ್ರೆ ಬಾರದಿರುವುದು, ಇಲ್ಲದ ದನಿ ಕೇಳುವುದು, ಯಾರೋ ಮಾಡಿಸಿದ್ದಾರೆ ಎಂಬ ಭಯ ಬಿಡದಿರುವುದು ಕಂಡರೆ ಎಲ್ಲ ಆಚರಣೆ ನಿಲ್ಲಿಸಿ ಮನೋವೈದ್ಯರನ್ನು ನೋಡಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲುರಾತ್ರಿ ಇದೆ.

ಗುಂಪು, ಗುರು ಬೇಕೆನಿಸಿದರೆ ಅವಸರ ಬೇಡ. ದೀಕ್ಷೆಗೆ ಮುಂಚೆ ಒಂದು ವರ್ಷ ಒಂದು ದಿನ ಕಲಿಯಬೇಕೆಂಬುದು ವಿಕ್ಕಾದ ಹಲವು ಕೋವನ್‌ಗಳಲ್ಲಿ ರೂಢಿ. ಆ ಅವಧಿ ನಿಮ್ಮ ರಕ್ಷಣೆಗೂ ಹೌದು. ಮೊದಲ ಭೇಟಿ ಹಗಲಲ್ಲಿ, ಹೋಟೆಲಿನಂಥ ನಾಲ್ಕು ಜನ ಇರುವ ಕಡೆ, ಮನೆಯವರಿಗೋ ಗೆಳತಿಗೋ ತಿಳಿಸಿ. ಯಾರಿಂದ ಕಲಿತಿರಿ, ಹಣ ಎಷ್ಟು, ಯಾವುದಕ್ಕೆ, ಗುಂಪು ಬಿಟ್ಟವರು ಯಾರು, ಏಕೆ ಬಿಟ್ಟರು, ವಿಧಿಯಲ್ಲಿ ಬಟ್ಟೆ ಧರಿಸುತ್ತೀರೋ ಇಲ್ಲವೋ ಎಂದು ನೇರ ಕೇಳಿ. ಗಾರ್ಡ್ನರ್ ಪರಂಪರೆಯಲ್ಲಿ ಬತ್ತಲೆಯಾಗಿ ಮಾಡುವ ರೂಢಿ ಇದೆ ಎಂಬುದು ನಿಜ. ಅದನ್ನೇ ನೆಪ ಮಾಡಿಕೊಳ್ಳುವ ಕೆಟ್ಟವರೂ ಇದ್ದಾರೆ. ಬೇಡ ಎಂದಾಗ ಒತ್ತಾಯಿಸಿದರೆ, ಮನೆಯವರಿಗೆ ಹೇಳಬೇಡ ಎಂದರೆ, ನಿಮ್ಮ ಮೇಲೆ ದೋಷವಿದೆ ತೆಗೆಯಲು ಇಷ್ಟು ಸಾವಿರ ಎಂದರೆ, ಅಲ್ಲಿಂದಲೇ ಎದ್ದು ಬನ್ನಿ. ಬೆದರಿಕೆ ಬಂದರೆ 112ಕ್ಕೆ ಕರೆ ಮಾಡಿ. ಸಂದೇಶಗಳನ್ನು ಅಳಿಸಬೇಡಿ, ದೂರು ಕೊಡುವಾಗ ಬೇಕಾಗುತ್ತವೆ.